ನೆಮ್ಮದಿ ಅಧಿಕಾರಿಗಳ ಸನ್ನಿಧಾನಕ್ಕೆ, ಬಟ್ಟೆ ಮಡಚುವ ಮೇಜಿನಿಂದ

ಮಾನ್ಯರೇ,

ಸದಾ ನಗುಮುಖದ, ಮೆಲುದನಿಯ, ಯಾವ ಹೊತ್ತಿನಲ್ಲೂ ಇಸ್ತ್ರಿ ಕೆಡದ ಅಂಗಿಯ, ನಮ್ಮ ಲಾಂಡ್ರಿಯ ನೆಮ್ಮದಿ ಅಧಿಕಾರಿಗಳಾದ ತಮಗೆ, ಮಡಚುವ ವಿಭಾಗದಲ್ಲಿ ಎಲ್ಲರಿಗಿಂತ ಹಳಬಳೂ ಎಲ್ಲರಿಂದಲೂ ದೊಡ್ಡಮ್ಮ ಎಂದು ಕರೆಸಿಕೊಳ್ಳುವವಳೂ ಆದ ನಾನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಾವೇ ಕ್ಷೇಮವಾಗಿರದಿದ್ದರೆ ಇನ್ಯಾರು ಇರಬೇಕು, ಸಂಬಳ ಬರುವುದೇ ಅದಕ್ಕಲ್ಲವೇ.

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರವನ್ನು ನಾನು ಇಷ್ಟಪಟ್ಟು ಬರೆಯುತ್ತಿಲ್ಲ. ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿರುವುದನ್ನೆಲ್ಲ ಸ್ವಂತ ಕೈಬರಹದಲ್ಲಿ ಬರೆದು ಕೊಡತಕ್ಕದ್ದು, ಬರೆದರೆ ಭಾರ ಇಳಿಯುತ್ತದೆ, ಬರೆಯದವರ ಹೆಸರನ್ನು ಮೇಲಿನವರಿಗೆ ಕಳಿಸಲಾಗುವುದು ಎಂದು ತಾವು ಸುತ್ತೋಲೆ ಹೊರಡಿಸಿದ ಕಾರಣ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನಾನು ಬರೆದ ಕೊನೆಯ ಪತ್ರ ಹೊಟ್ಟೆನೋವೆಂದು ಮೇಷ್ಟರಿಗೆ ಬರೆದ ರಜಾ ಚೀಟಿ, ಅದನ್ನೂ ಅವರು ನಂಬಲಿಲ್ಲ. ಆಮೇಲೆ ಪೆನ್ನು ಹಿಡಿದಿದ್ದರೆ ಸಹಿ ಹಾಕುವುದಕ್ಕೆ, ಇಲ್ಲವೇ ಬೆನ್ನು ಕೆರೆದುಕೊಳ್ಳುವುದಕ್ಕೆ. ಈಗ ಭಾನುವಾರದ ಬೆಳಗಿನಿಂದ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ; ಒದ್ದೆ ಬೆಡ್‌ಶೀಟು ಎಳೆದರೂ ನೋಯದ ಬೆರಳು ಈ ಒತ್ತಕ್ಷರಗಳಿಗೆ ನೋಯುತ್ತಿದೆ. ತಾವು ಇಳಿಸುತ್ತೇವೆಂದ ಭಾರ ಭುಜದಿಂದ ಇಳಿದದ್ದು ನಿಜ, ಇಳಿದು ಬೆರಳಿಗೆ ಬಂದು ಕೂತಿದೆ. ಕಾಗುಣಿತ ತಪ್ಪಿದ್ದರೆ ಕ್ಷಮಿಸಿ. ಓದುವಾಗ ತಮಗೆ ಒತ್ತಡವಾದರೆ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಳ್ಳಿ, ಅದನ್ನು ಹೇಗೆ ಮಾಡಬೇಕೆಂದು ತಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಮನಸ್ಸನ್ನು ತೆರೆದಿಡಿ ಎಂದು ತಾವೇ ಅಪ್ಪಣೆ ಕೊಡಿಸಿದ್ದರಿಂದ ಇದರ ಇನ್ನೊಂದು ಪ್ರತಿಯನ್ನು ಹಾಜರಿ ಯಂತ್ರದ ಪಕ್ಕದ ಬೋರ್ಡಿಗೆ ಅಂಟಿಸುತ್ತೇನೆ. ಇದಕ್ಕಿಂತ ಹೆಚ್ಚು ತೆರೆದಿಡುವ ಬಗೆ ನನಗೆ ತಿಳಿಯದು.

ತಾವು ಬರುವ ಮುಂಚೆ ಈ ಲಾಂಡ್ರಿಯಲ್ಲಿ ನಾವು ಎಂಥ ಅಜ್ಞಾನದಲ್ಲಿ ಬಾಳುತ್ತಿದ್ದೆವು ಎಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ನಮಗೊಂದು ಊಟದ ಕೋಣೆ ಇತ್ತು. ಉದ್ದನೆಯ ಮೇಜು, ಎಷ್ಟು ತಿರುಗಿಸಿದರೂ ತೊಟ್ಟಿಕ್ಕುವ ನಲ್ಲಿ, ಒಂದು ಕಿಟಕಿ. ಅಲ್ಲಿ ಕೂತು ಊಟದ ಡಬ್ಬಿ ಬಿಚ್ಚಿ ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕುತ್ತ, ಬಟ್ಟೆ ಒಗೆಯುವ ಡ್ರಮ್ಮಿನವನು ತನ್ನ ಅತ್ತೆಯ ಕಥೆ ಹೇಳುತ್ತ, ವ್ಯಾನಿನ ಡ್ರೈವರು ಮ್ಯಾನೇಜರರ ನಡಿಗೆಯನ್ನು ನಡೆದು ತೋರಿಸುತ್ತ, ನಾನು ಇಬ್ಬರನ್ನೂ ಬೈಯುತ್ತ, ಅರ್ಧ ಗಂಟೆ ಹಾಳು ಮಾಡುತ್ತಿದ್ದೆವು. ಇದನ್ನು ನೋಡಿ ತಮ್ಮ ಹೃದಯ ಕರಗಿತು. ಮೇಜು ಹೊರಗೆ ಹೋಯಿತು, ಮೆಟ್ಟಿಲ ಕಡೆಯ ಗೋಡೆ ಒಡೆದು ಗಾಜು ಬಂತು, ಉಳಿದ ಗೋಡೆಗೆ ತಿಳಿನೀಲಿ ಬಣ್ಣ ಬಂತು, ಜಲಪಾತದ ಚಿತ್ರ ಬಂತು, ಕೂತರೆ ಏಳಲಾಗದ ಮೂಟೆಯಂಥ ಮೆತ್ತೆಗಳು ಬಂದವು, ಬಾಗಿಲ ಮೇಲೆ 'ನೆಮ್ಮದಿ ಕೋಣೆ: ಮಾತಾಡಬಾರದು, ತಿನ್ನಬಾರದು, ಮುಂಗಡ ತಿಳಿಸದೆ ಒಳಗೆ ಬರಬಾರದು' ಎಂಬ ಫಲಕ ಬಂತು. ನಾನೂ ಒಂದು ಸಲ ಆ ಮೂಟೆಯ ಮೇಲೆ ಕೂತೆ. ಏಳಿಸಲು ಇಬ್ಬರು ಬರಬೇಕಾಯಿತು, ಮಾತಾಡಬಾರದೆಂಬ ನಿಯಮವಿದ್ದುದರಿಂದ ಅವರನ್ನು ಕೂಗಿ ಕರೆಯಲೂ ಆಗದೆ ಗಾಜು ಬಡಿದು ಕರೆದೆ. ಈಗ ನಾವೆಲ್ಲ ಮೆಟ್ಟಿಲ ಮೇಲೆ ಒಬ್ಬರ ಬೆನ್ನು ಒಬ್ಬರು ನೋಡುತ್ತ ಊಟ ಮಾಡುತ್ತೇವೆ. ಅಲ್ಲಿಂದ ಗಾಜಿನೊಳಗೆ ನೆಮ್ಮದಿ ತಾನೊಂದೇ ಕಾಲು ಚಾಚಿಕೊಂಡು ಕೂತಿರುವುದು ಚೆನ್ನಾಗಿ ಕಾಣಿಸುತ್ತದೆ. ಅದಕ್ಕೊಂದು ಕೋಣೆ ಸಿಕ್ಕಿತಲ್ಲ ಎಂಬ ಸಂತೋಷ ನಮಗಿದೆ.

ಗಂಟೆಗೊಮ್ಮೆ ಗೋಡೆಯ ಪೆಟ್ಟಿಗೆಯೊಳಗಿಂದ ಜೇನಿನಂಥ ದನಿಯ ಹೆಂಗಸೊಬ್ಬಳು "ಉಸಿರನ್ನು ಆಳವಾಗಿ ಒಳಗೆಳೆದುಕೊಳ್ಳಿ, ಹಿಡಿದಿಟ್ಟುಕೊಳ್ಳಿ" ಎಂದು ಹೇಳುವ ಏರ್ಪಾಡನ್ನೂ ತಾವೇ ಮಾಡಿದಿರಿ. ಮೊದಲ ದಿನ ನಾವು ಭಕ್ತಿಯಿಂದಲೇ ಎಳೆದುಕೊಂಡೆವು. ಆ ಹೊತ್ತಿಗೆ ಸರಿಯಾಗಿ ಬ್ಲೀಚಿಂಗ್ ಡ್ರಮ್ಮಿನ ಮುಚ್ಚಳ ತೆರೆದಿತ್ತು. ಡ್ರಮ್ಮಿನವನು ಒಳಗೆಳೆದುಕೊಂಡದ್ದನ್ನು ಹೊರಗೆ ಬಿಡಲು ಗೋಡೆ ಹಿಡಿದು ಕೆಮ್ಮಿದ ಕೆಮ್ಮು ವ್ಯಾನು ನಿಲ್ಲುವ ಜಾಗದವರೆಗೆ ಕೇಳಿಸಿತು. ಆ ಪುಣ್ಯಾತ್ಗಿತ್ತಿಯನ್ನು ಪೆಟ್ಟಿಗೆಯಿಂದ ಇಳಿಸಿ ಒಂದು ದಿನ ಇಲ್ಲಿಗೆ ಕರೆತಂದು ನಮ್ಮೆದುರು ಒಂದೇ ಒಂದು ಉಸಿರು ಎಳೆಸಬೇಕೆಂದು ಕೋರುತ್ತೇನೆ. ಹಿಡಿದಿಟ್ಟುಕೊಳ್ಳಬೇಕೆಂದು ನಾವು ಬಲವಂತ ಮಾಡುವುದಿಲ್ಲ.

ಇಲ್ಲಿಯವರೆಗೆ ಬರೆದದ್ದು ನನ್ನ ಕೋಪ. ಅದು ದಿನಾ ಬರುತ್ತದೆ, ದಿನಾ ಹೋಗುತ್ತದೆ, ಅದಕ್ಕೆ ತಾವು ಉತ್ತರ ಕೊಡಬೇಕಾಗಿಲ್ಲ. ಇನ್ನು ಮುಂದೆ ಬರೆಯುವುದಕ್ಕೆ ಮಾತ್ರ ಉತ್ತರ ಕೊಡಬೇಕು.

ಬಟ್ಟೆ ಒಣಗಿಸಿ ಇಸ್ತ್ರಿ ಮಾಡುವ ಬಿಸಿ ಉರುಳೆಯಿಂದ ಇಳಿದ ಬೆಡ್‌ಶೀಟುಗಳನ್ನು ಮಡಚುವವರಲ್ಲಿ ನನ್ನ ತಂಗಿಯ ಮಗಳು ಒಬ್ಬಳಿದ್ದಾಳೆ. ತಂಗಿ ತೀರಿಕೊಂಡ ಮೇಲೆ ಅವಳು ನನ್ನ ಮನೆಯಲ್ಲೇ ಇದ್ದಾಳೆ. ತಾವು ಅವಳನ್ನು ಬಲ್ಲಿರಿ, ಈಚೆಗೆ ಅವಳಿಗೆ ಒಂದು ನೋಟೀಸು ಕೊಟ್ಟಿದ್ದೀರಿ. ವರ್ಷದ ಹಿಂದೆ ಅವಳಿಗೆ ಒಂದು ಕಾಯಿಲೆ ಶುರುವಾಯಿತು. ಬಸ್ಸಿನಲ್ಲಿ ನಿಂತಿರುವಾಗ, ಉರುಳೆಯ ಮುಂದೆ ಇರುವಾಗ, ಏನೂ ಇಲ್ಲದೆ ತಲೆ ಬಾಚಿಕೊಳ್ಳುತ್ತಿರುವಾಗ ಕೈ ಜೋಮು ಹಿಡಿಯುತ್ತದೆ, ಉಸಿರು ಸಾಲುವುದಿಲ್ಲ, ಈಗಲೇ ಸತ್ತುಹೋಗುತ್ತೇನೆ ಅನಿಸುತ್ತದೆ. "ಎದೆ ಬಾಗಿಲು ಬಡಿದ ಹಾಗೆ ಬಡ್ಕೊಳ್ತಿದೆ ದೊಡ್ಡಮ್ಮ, ಹೊರಗೆ ಯಾರೂ ಇಲ್ಲ" ಎಂದು ಒಮ್ಮೆ ಹೇಳಿದಳು. ನನಗೆ ಗೊತ್ತಿರುವ ಮದ್ದು ಎರಡೇ, ಸಕ್ಕರೆ ನೀರು ಮತ್ತು ಬೈಗುಳ. ಎರಡನ್ನೂ ಕೊಟ್ಟೆ, ಎರಡೂ ನಾಟಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನನ್ನ ಮಗಳ ವಯಸ್ಸಿನವರು. ಇವಳು ಹೇಳುವುದನ್ನೆಲ್ಲ ಗಡಿಯಾರ ನೋಡದೆ ಕೇಳಿದರು. ಇದು ಆತಂಕದ ಕಾಯಿಲೆ, ಸೋಗಲ್ಲ, ಸೋಮಾರಿತನವೂ ಅಲ್ಲ, ವಾಸಿಯಾಗುತ್ತದೆ, ಮಾತ್ರೆ ಕೊಡುತ್ತೇನೆ, ಪ್ರತಿ ಗುರುವಾರ ಬೆಳಿಗ್ಗೆ ಬಂದು ನನ್ನ ಜೊತೆ ಮಾತಾಡಬೇಕು, ಕೆಲಸ ಬಿಡುವುದು ಬೇಡ, ಆದರೆ ನಂಬಿಕೆಯವರ ಜೊತೆ ಕೆಲಸ ಮಾಡಲಿ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ನೀವು ಸ್ವಲ್ಪ ದನಿ ತಗ್ಗಿಸಿದ್ರೆ ಒಳ್ಳೇದು" ಎಂದರು. ಅಂದಿನಿಂದ ಗುರುವಾರ ಒಂದು ದಿನ ತಗ್ಗಿಸುತ್ತಿದ್ದೇನೆ.

ಗುಣ ಕಾಣಿಸತೊಡಗಿತ್ತು. ಬಸ್ಸಿನಲ್ಲಿ ಒಬ್ಬಳೇ ಬಂದಳು. ತಟ್ಟೆಯಲ್ಲಿ ಬಿಡದೆ ಉಂಡಳು. ನನ್ನ ಜೊತೆ ಜಗಳವಾಡಿದಳು, ಅದನ್ನು ಕೇಳಿ ಡಾಕ್ಟರಿಗೆ ಬಹಳ ಸಂತೋಷವಾಯಿತು.

ಇನ್ನು ಮಡಚುವುದರ ಬಗ್ಗೆ. ತಾವು ಇದನ್ನು ಕಿಟಕಿಯಿಂದ ನೋಡಿರಬಹುದು, ಕೈಯಲ್ಲಿ ಹಿಡಿದಿರಲಾರಿರಿ. ದೊಡ್ಡ ಬೆಡ್‌ಶೀಟನ್ನು ಮಡಚಲು ಇಬ್ಬರು ಬೇಕು. ಇಬ್ಬರೂ ಎರಡೆರಡು ಮೂಲೆ ಹಿಡಿದು ಹಿಂದಕ್ಕೆ ಸರಿದು ಬಿಗಿಯಾಗಿ ಎಳೆಯಬೇಕು, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಕೂಡಿಸುವಾಗ ಮುಖಕ್ಕೆ ಮುಖ ಹತ್ತಿರ ಬರುತ್ತದೆ. ಆ ಗಳಿಗೆಯಲ್ಲಿ ಒಂದು ಮಾತು ಹೇಳುವುದು ಇಲ್ಲಿ ನಾನು ಸೇರುವ ಮುಂಚಿನಿಂದ ನಡೆದುಬಂದ ರೂಢಿ. ಒಂದು ಬೆಡ್‌ಶೀಟಿಗೆ ಒಂದೇ ಮಾತು. ಕೇಳಿಸಿಕೊಂಡವರು ಅದಕ್ಕೆ ಉತ್ತರ ಹೇಳಬೇಕಾಗಿಲ್ಲ, ಏಕೆಂದರೆ ಅಷ್ಟರಲ್ಲಿ ಮತ್ತೆ ಹಿಂದಕ್ಕೆ ಸರಿಯಬೇಕು. "ರಾತ್ರಿ ಗಂಡ ಮನೆಗೆ ಬರ್ಲಿಲ್ಲ" ಎಂದು ಒಬ್ಬಳು ಹೇಳಿ ಸರಿದರೆ, ಮುಂದಿನ ಬೆಡ್‌ಶೀಟಿಗೆ ಇನ್ನೊಬ್ಬಳು "ನಮ್ಮನೇದು ಬಂತು, ಅದೇ ತೊಂದ್ರೆ" ಎಂದು ಹೇಳಿ ಸರಿಯುತ್ತಾಳೆ. ಬುದ್ಧಿವಾದವಿಲ್ಲ, ಅಯ್ಯೋ ಪಾಪವಿಲ್ಲ. ಮಾತು ಮಡಿಕೆಯೊಳಗೆ ಹೋಯಿತು, ಬಟ್ಟೆ ರಾಶಿಯ ಮೇಲೆ ಹೋಯಿತು. ಒಂದೇ ಮನೆಯಲ್ಲಿ ಒಂದೇ ಒಲೆಯ ಮುಂದೆ ಇದ್ದು ನನಗೆ ಹೇಳಲಾಗದ್ದನ್ನು ಈ ಹುಡುಗಿ ಹೇಳಿದ್ದು ಹೀಗೇ, ನನ್ನೆದುರು ನಿಂತು, ದಿನಕ್ಕೊಂದು ಬೆಡ್‌ಶೀಟಿನ ಲೆಕ್ಕದಲ್ಲಿ. ಡಾಕ್ಟರ ಹತ್ತಿರ ಹೋಗೋಣ ಎಂದು ನಾನು ಹೇಳಿದ್ದೂ ಹೀಗೇ. ಎದುರುಬದುರು ಕೂತು ಹೇಳಿದ್ದರೆ ನಾನು ಕೂಗಾಡುತ್ತಿದ್ದೆ, ಅವಳು ಎದ್ದು ಹೋಗುತ್ತಿದ್ದಳು.

ಈ ಪಿಸುಮಾತು ಕೆಲಸದ ವಾತಾವರಣದಲ್ಲಿ ನಕಾರಾತ್ಮಕ ಭಾವನೆಗಳನ್ನು ಹರಡುತ್ತದೆ ಎಂದು ತಾವು ಕಂಡುಹಿಡಿದಿರಿ. ನಮ್ಮ ಜೋಡಿಗಳನ್ನು ಬಿಡಿಸಿ ಪ್ರತಿಯೊಬ್ಬರ ಮುಂದೆಯೂ ಗೋಡೆಗೆ ಎರಡೆರಡು ಕ್ಲಿಪ್ಪು ಹೊಡೆಸಿದಿರಿ. ಈಗ ಆ ಕಡೆಯ ಮೂಲೆಗಳನ್ನು ಗೋಡೆ ಹಿಡಿದುಕೊಳ್ಳುತ್ತದೆ. ಗೋಡೆಯ ಗುಣವನ್ನು ಎಷ್ಟು ಹೊಗಳಿದರೂ ಸಾಲದು. ಅದಕ್ಕೆ ನಕಾರಾತ್ಮಕ ಭಾವನೆಗಳಿಲ್ಲ, ರಜೆ ಕೇಳುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ, ತಿಳಿನೀಲಿ ಬಳಿದರೆ ಬೇಡ ಅನ್ನುವುದಿಲ್ಲ. ಮುಂದಿನ ಸಲ ನೌಕರರನ್ನು ತೆಗೆದುಕೊಳ್ಳುವಾಗ ತಾವು ಗೋಡೆಗಳನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ಬಾಗಿಲ ಪಕ್ಕದ ಮುಖಗಳ ಬೋರ್ಡಿನ ವಿಷಯವನ್ನು ಹೇಳಲೇಬೇಕು, ಏಕೆಂದರೆ ನೋಟೀಸು ಹುಟ್ಟಿದ್ದು ಅಲ್ಲಿ. ಬೆಳಿಗ್ಗೆ ಒಳಗೆ ಬರುವಾಗ ಪ್ರತಿಯೊಬ್ಬರೂ ನಗುಮುಖ, ಸಪ್ಪೆಮುಖ, ಅಳುಮುಖ ಎಂಬ ಮೂರು ಡಬ್ಬಿಗಳಿಂದ ತಮಗೆ ಸರಿಯೆನಿಸಿದ ಸ್ಟಿಕ್ಕರು ತೆಗೆದು ತಮ್ಮ ನಂಬರಿನ ಮುಂದೆ ಅಂಟಿಸಬೇಕೆಂದು ತಾವು ಹೇಳಿದಿರಿ. ಮೊದಲ ವಾರ ಬೋರ್ಡು ಸಾವಿನ ಮನೆಯಂತಿತ್ತು. ಇದೇಕೆ ಹೀಗೆ ಎಂದು ತಾವು ಮೇಸ್ತ್ರಿಯನ್ನು ಕರೆದು ಮೆಲುದನಿಯಲ್ಲಿ ವಿಚಾರಿಸಿದಿರಿ. ತಮ್ಮ ಮೆಲುದನಿಗೆ ಆತನ ಬಿಪಿ ಏರಿತು. ಮರುದಿನದಿಂದ ಆತ ನಮಗಿಂತ ಮೊದಲೇ ಬಂದು ಅಳುಮುಖಗಳನ್ನೆಲ್ಲ ಬಾಚಿ ತನ್ನ ಅಂಗಿಯ ಜೇಬಿಗೆ ತುಂಬಿಕೊಳ್ಳತೊಡಗಿದ. ಸಪ್ಪೆಮುಖಗಳು ಬೇಗ ಮುಗಿದವು. ಉಳಿದದ್ದು ನಗು. ಬೋರ್ಡು ತುಂಬ ನಗು. ಅತ್ಯಂತ ಸಂತುಷ್ಟ ಶಾಖೆ ಎಂದು ಮೇಲಿನವರಿಂದ ತಮಗೆ ಗಾಜಿನ ಫಲಕ ಬಂದದ್ದು ಆಗಲೇ ಅಲ್ಲವೇ. ಅಭಿನಂದನೆಗಳು.

ನನ್ನ ತಂಗಿಯ ಮಗಳು ಒಂದು ದಿನ ಬಸ್ಸಿನಲ್ಲಿ ಉಸಿರು ಸಾಲದಾಗಿ, ಹಾಗೇ ಕೆಲಸಕ್ಕೆ ಬಂದಿದ್ದಳು. "ಸಾರ್, ಅಳೋದು ಒಂದು ಕೊಡಿ" ಎಂದು ಕೇಳಿದಳು. ಮೇಸ್ತ್ರಿ ಜೇಬಿನ ಮೇಲೆ ಕೈಯಿಟ್ಟುಕೊಂಡು, "ಖಾಲಿ ಆಗಿದೆ ಕಣಮ್ಮ, ನಗೋದ್ರಲ್ಲೇ ಅಡ್ಜಸ್ಟ್ ಮಾಡ್ಕೋ" ಎಂದ. ಅವಳು ಅಡ್ಜಸ್ಟ್ ಮಾಡಿಕೊಂಡಳು. ನಗುಮುಖವನ್ನು ತಲೆಕೆಳಗಾಗಿ ಅಂಟಿಸಿದಳು. ಅಷ್ಟು ನಗುಗಳ ನಡುವೆ ಅದೊಂದೇ ಬಾಯಿ ಬಾಗಿದ ಮುಖ. ತಮಗೆ ಅವಳ ನಂಬರು ನೆನಪಿನಲ್ಲಿ ಉಳಿದದ್ದು ಹಾಗೆ.

ಆಮೇಲಿನದು ತಾವು ಹೊರಗಿನಿಂದ ಬಲ್ಲಿರಿ, ಒಳಗಿನಿಂದ ಹೀಗಾಯಿತು. ಮೇಸ್ತ್ರಿಯ ಬಿಳಿ ಅಂಗಿ ಎಂದಿನಂತೆ ಹೋಟೆಲಿನ ಬಿಳಿ ಬೆಡ್‌ಶೀಟುಗಳ ಗಾಡಿಗೆ ಬಿತ್ತು. ಡ್ರಮ್ಮಿಗೆ ಹಾಕುವ ಮೊದಲು ಪ್ರತಿ ಜೇಬನ್ನೂ ತಡಕಬೇಕೆಂಬುದು ಲಾಂಡ್ರಿಗಳಲ್ಲಿ ಮಕ್ಕಳಿಗೂ ಗೊತ್ತಿರುವ ನಿಯಮ. ಅಂದು ತಡಕುವ ಹೊತ್ತಿಗೆ ಸರಿಯಾಗಿ ತಾವು ನಮ್ಮನ್ನೆಲ್ಲ ಅಂಗಳಕ್ಕೆ ಕರೆಸಿ, ಸಾಲಾಗಿ ನಿಲ್ಲಿಸಿ, ಕೈ ಮೇಲೆತ್ತಿಸಿ ಹಹಹ ಎಂದು ನಗಿಸುತ್ತಿದ್ದಿರಿ. ನಗು ಮುಗಿಯುವಷ್ಟರಲ್ಲಿ ಡ್ರಮ್ಮು ಶುರುವಾಗಬೇಕಾದ ಹೊತ್ತು ಮೀರಿತ್ತು. ಡ್ರಮ್ಮಿನವನು ಗಾಡಿಯನ್ನು ಇದ್ದ ಹಾಗೇ ಬಗ್ಗಿಸಿದ. ತಾವು ತರಿಸಿದ ಸ್ಟಿಕ್ಕರುಗಳ ಅಂಟು ಉತ್ತಮ ಜಾತಿಯದು. ಕುದಿನೀರಿಗೂ ಜಗ್ಗದೆ ಕೆಲವು ಜೇಬಿನಿಂದ ಹೊರಬಿದ್ದು ಬೆಡ್‌ಶೀಟನ್ನು ಹಿಡಿದುಕೊಂಡವು, ಬಿಸಿ ಉರುಳೆ ಅವನ್ನು ಅಲ್ಲಿಯೇ ಶಾಶ್ವತ ಮಾಡಿತು. ಮೊದಲಾಗಿದ್ದರೆ ಮಡಚುವ ಇಬ್ಬರಲ್ಲಿ ಒಬ್ಬರ ಕಣ್ಣಿಗೆ ಬೀಳುತ್ತಿತ್ತು. ಗೋಡೆಯ ಕಣ್ಣಿಗೆ ಬೀಳಲಿಲ್ಲ. ಹೀಗಾಗಿ ಹೊಸದಾಗಿ ಮದುವೆಯಾಗಿ ಬಂದವರ ಕೋಣೆಯ ಹಾಸಿಗೆಯ ನಟ್ಟನಡುವೆ ನಮ್ಮ ಲಾಂಡ್ರಿಯ ಅಳುಮುಖವೊಂದು ಕಣ್ಣೀರಿಡುತ್ತ ಮಲಗಿತ್ತು. ಈ ಹಾಸಿಗೆಯಲ್ಲಿ ಮೊದಲು ಯಾರು ಅತ್ತಿದ್ದರು ಎಂದು ಮದುಮಗಳು ಕೇಳಿದಳಂತೆ. ಹೋಟೆಲಿನವರು ತಮಗೆ ಫೋನು ಮಾಡಿ ಅದನ್ನೇ ಬೇರೆ ಮಾತುಗಳಲ್ಲಿ ಕೇಳಿದರಂತೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಗಾದೆಯನ್ನು ತಾವು ಅಂದೇ ಕೆಲಸಕ್ಕೆ ಹಚ್ಚಿದಿರಿ. ಅಳುಮುಖವೆಂದರೆ ಆ ಹುಡುಗಿ, ಬೋರ್ಡಿನ ಮೇಲೆ ಕಂಡೆವಲ್ಲ ಎಂದು ತೀರ್ಮಾನವಾಯಿತು. ಸಂಸ್ಥೆಯ ಸಂತೋಷಕ್ಕೆ ಉದ್ದೇಶಪೂರ್ವಕ ಧಕ್ಕೆ ಎಂದು ನೋಟೀಸು ಬಂತು. ಇನ್ನೊಂದು ತಪ್ಪಾದರೆ ಕೆಲಸವಿಲ್ಲ. ನೆಮ್ಮದಿ ಕೋಣೆ ನಮ್ಮಲ್ಲೇ ಇರುವಾಗ ಹೊರಗಿನ ಚಿಕಿತ್ಸೆಗೆ ಹೋಗುವ ಅಗತ್ಯವಿಲ್ಲ, ಆದ್ದರಿಂದ ಗುರುವಾರದ ಅರ್ಧ ದಿನದ ರಜೆ ರದ್ದು. ಬಿಡುವಿನ ಹೊತ್ತಿನಲ್ಲಿ ಅವಳು ಆ ಕೋಣೆಯಲ್ಲಿ ಒಬ್ಬಳೇ ಕೂತು ಆತ್ಮಾವಲೋಕನ ಮಾಡಿಕೊಳ್ಳತಕ್ಕದ್ದು. ಎದೆ ಬಡಿದುಕೊಳ್ಳುವವಳನ್ನು ಒಬ್ಬಳನ್ನೇ ಗಾಜಿನ ಕೋಣೆಯಲ್ಲಿ, ಏಳಲಾಗದ ಮೂಟೆಯ ಮೇಲೆ ಕೂರಿಸಿ, ಮಾತಾಡಬೇಡ ಎಂದು ಬಾಗಿಲು ಮುಚ್ಚಿದ ತಮ್ಮ ಕರುಣೆಯನ್ನು ಡಾಕ್ಟರಿಗೆ ವರ್ಣಿಸಿ ಹೇಳಿದೆ. ಅವರು ಪೆನ್ನು ತೆಗೆದು ಅದನ್ನೆಲ್ಲ ಬರೆದುಕೊಂಡರು. ಆಮೇಲೆ ತಮ್ಮ ಫೋನ್ ನಂಬರು ಕೇಳಿದರು.

ಎರಡು ಗುರುವಾರ ತಪ್ಪಿವೆ. ಕೈ ಜೋಮು ಹಿಡಿಯುವುದು ಮತ್ತೆ ಶುರುವಾಗಿದೆ. ನಿನ್ನೆ ತಟ್ಟೆಯ ಮುಂದೆ ಕೂತು, "ನಾನೇ ಕೆಲ್ಸ ಬಿಟ್ಬಿಡ್ತೀನಿ ದೊಡ್ಡಮ್ಮ, ನನ್ನಿಂದ ಎಲ್ರಿಗೂ ತೊಂದ್ರೆ" ಎಂದಳು. ಈ ಹುಡುಗಿ ಒಮ್ಮೆ ಮನೆಯೊಳಗೆ ಕೂತರೆ ಹೊಸ್ತಿಲು ದಾಟಿಸುವುದು ನನ್ನಿಂದಾಗದು. ನಾನು ಈ ಕಾಗದ ಬರೆಯುತ್ತಿರುವುದು ತಮ್ಮ ಸುತ್ತೋಲೆಯಿಂದ ಎಂದು ಮೇಲೆ ಹೇಳಿದೆ. ಈ ಮಾತಿನಿಂದ ಕೂಡ.

ಮೇಸ್ತ್ರಿಯನ್ನು ಶಿಕ್ಷಿಸಿ ಎಂದು ನಾನು ಕೇಳುತ್ತಿಲ್ಲ. ಆತನ ಅಂಗಿ ಇಸ್ತ್ರಿಯಾಗಿ ನನ್ನ ಮೇಜಿಗೇ ಬಂದದ್ದು, ಜೇಬು ಇನ್ನೂ ಉಬ್ಬಿತ್ತು, ಅದರಲ್ಲಿ ಉಳಿದದ್ದು ಈಗ ನನ್ನ ಹತ್ತಿರ ಇದೆ. ಅಳುಮುಖಗಳು ಎಲ್ಲಿ ಹೋದವೋ ಎಂದು ನಾನು ಗಾಳಿಗೆ ಹೇಳಿದರೆ, ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡ ಹಾಗೆ ಆತ ಎದೆ ಮುಟ್ಟಿಕೊಂಡ. ನೀನೇ ಹೋಗಿ ಹೇಳಪ್ಪ ಎಂದೆ. "ನನಗೂ ಮಕ್ಕಳಿದಾರೆ ದೊಡ್ಡಮ್ಮ, ನೀವೇ ಬರೀರಿ, ನನ್ನ ಹೆಸ್ರು ಮಾತ್ರ ಹಾಕ್ಬೇಡಿ" ಎಂದ. ಹಾಕಿಲ್ಲ. ಮೇಸ್ತ್ರಿ ಎಂದಷ್ಟೇ ಬರೆದಿದ್ದೇನೆ, ಇಲ್ಲಿ ಇರುವವನು ಒಬ್ಬನೇ ಮೇಸ್ತ್ರಿ ಎಂಬುದು ನನ್ನ ತಪ್ಪಲ್ಲ. ಬೋರ್ಡಿನ ಮೇಲೆ ಆತನದೂ ದಿನಾ ನಗುಮುಖವೇ. ನಮ್ಮೆಲ್ಲರ ಅಳುವನ್ನು ಎದೆಯ ಜೇಬಿನಲ್ಲಿ ಹೊತ್ತುಕೊಂಡು ತಿರುಗಿದವನಿಗೆ ತಮ್ಮ ಗಾಜಿನ ಫಲಕದಲ್ಲಿ ಒಂದು ಪಾಲು ಕೊಡುವುದು ನ್ಯಾಯ.

ಇಷ್ಟಾಗಿಯೂ ತಮ್ಮ ವ್ಯವಸ್ಥೆಯೇ ಸರಿಯೆಂದು ತಮಗೆ ಅನಿಸುವುದಾದರೆ, ದಯವಿಟ್ಟು ಅದನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಮುಂಗಡ ತಿಳಿಸದೆ ಬಡಿದುಕೊಳ್ಳಕೂಡದೆಂದು ನೌಕರರ ಎದೆಗಳಿಗೆಲ್ಲ ಒಂದು ಸುತ್ತೋಲೆ ಹೊರಡಿಸಿ. ಬಾಯ್ಲರಿಗೆ ಕೋಪ ಬಂದಾಗ ಆವಿ ಹೊರಗೆ ಬಿಡಲು ನಾವು ಒಂದು ಕೊಳವೆ ಇಟ್ಟಿದ್ದೇವೆ, ಅದನ್ನು ಮುಚ್ಚಿಸಿ ಮೇಲೊಂದು ನಗುಮುಖ ಅಂಟಿಸಿ, ಪಕ್ಕದಲ್ಲಿ ತಾವೇ ಕುರ್ಚಿ ಹಾಕಿಕೊಂಡು ಕೂತು ಫಲಿತಾಂಶ ನೋಡಿ. ಕಲೆ ಬಿದ್ದ ಬಟ್ಟೆಗಳನ್ನು ಒಗೆಯುವ ಬದಲು ಜಲಪಾತದ ಚಿತ್ರದ ಮುಂದೆ ಹರವಿ, ನಾವು ಶುಭ್ರವಾಗಿದ್ದೇವೆ ಎಂದು ಭಾವಿಸಿಕೊಳ್ಳಲು ಅವಕ್ಕೆ ಹೇಳಿ. ನೀರು, ಸೋಪು, ನಾವು, ಎಲ್ಲ ಉಳಿತಾಯ.

ಸಾಕು. ಬೆರಳು ಸೋತಿತು.

ನೋಟೀಸು ಹಿಂದಕ್ಕೆ ತೆಗೆದುಕೊಳ್ಳಿ. ಗುರುವಾರದ ಬೆಳಿಗ್ಗೆಯನ್ನು ಅವಳಿಗೆ ವಾಪಸು ಕೊಡಿ. ಅವಳು ಹಿಡಿದ ಬೆಡ್‌ಶೀಟಿನ ಆ ಕಡೆಗೆ ಮನುಷ್ಯರೊಬ್ಬರನ್ನು ನಿಲ್ಲಿಸಿ. ಹೌದೋ ಅಲ್ಲವೋ ಎಂಬ ಉತ್ತರ ನನ್ನ ಕೈಗೆ ಇಪ್ಪತ್ತನೇ ತಾರೀಖು ಬುಧವಾರ ಸಂಜೆಯೊಳಗೆ, ಬರಹದಲ್ಲಿ, ತಮ್ಮ ಸ್ವಂತ ಕೈಬರಹದಲ್ಲಿ ಬರಬೇಕು. ಇಪ್ಪತ್ತೊಂದಕ್ಕೆ ಅವಳು ಆಸ್ಪತ್ರೆಗೆ ಹೋಗುತ್ತಾಳೆ. ಉತ್ತರ ಹೌದಾದರೆ ರಜೆ ಹಾಕಿ ಹೋಗುತ್ತಾಳೆ, ಅಲ್ಲವಾದರೆ ರಜೆ ಹಾಕದೆ ನನ್ನ ಜೊತೆ ಹೋಗುತ್ತಾಳೆ.

ತಮ್ಮ ವಿಶ್ವಾಸಿ,
ಮಡಚುವ ಮೇಜಿನ ದೊಡ್ಡಮ್ಮ

ತಾಜಾ ಕಲಂ: ಹಾಜರಿ ಯಂತ್ರದ ಪಕ್ಕದ ಬೋರ್ಡಿಗೆ ಈ ಪತ್ರದ ಪ್ರತಿ ಅಂಟಿಸಲು ಮನೆಯಲ್ಲಿ ಅಂಟು ಇರಲಿಲ್ಲ. ಮೇಸ್ತ್ರಿಯ ಜೇಬಿನಲ್ಲಿ ಉಳಿದಿದ್ದ ಅಳುಮುಖಗಳನ್ನೇ ನಾಲ್ಕೂ ಮೂಲೆಗೆ ಒತ್ತುತ್ತೇನೆ. ಕುದಿನೀರಿಗೇ ಬಿಡದವು ತಮ್ಮ ಉಗುರಿಗೆ ಬಿಡಲಾರವು. ಕಿತ್ತೇ ತೀರಬೇಕೆಂದು ಅನಿಸಿದರೆ ಒಬ್ಬರೇ ಪ್ರಯತ್ನಿಸಬೇಡಿ, ಹರಿದುಹೋಗುತ್ತದೆ. ಇಬ್ಬರು ಬೇಕು, ಆ ಕಡೆಯ ಮೂಲೆಗಳನ್ನು ಹಿಡಿಯಲು ಒಬ್ಬರು, ಈ ಕಡೆಯವಕ್ಕೆ ಒಬ್ಬರು. ಹತ್ತಿರ ಬಂದಾಗ ಒಂದು ಮಾತು ಹೇಳಬಹುದು.